ಹೆಂಚಿನ ಮಹಡಿಯೋ, ತಾರಸಿ ಮನೆಯೋ: ಬಸವನಗುಡಿ ಮತ್ತು ಮಲ್ಲೇಶ್ವರದ ಎರಡು ಬಾಡಿಗೆ ಮನೆಗಳ ಹೋಲಿಕೆ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬಾಡಿಗೆಗೆ ಮನೆ ಹುಡುಕುವವರಿಗೆ ಹೆಚ್ಚಾಗಿ ಸಿಗುವುದು ಮೇಲ್ಮಹಡಿ. ಕೆಳಗಿನ ಮನೆಯಲ್ಲಿ ಸಾಮಾನ್ಯವಾಗಿ ಮಾಲೀಕರೇ ಇರುತ್ತಾರೆ. ಈ ಮೇಲ್ಮಹಡಿಗಳಲ್ಲಿ ಎರಡು ಬಗೆ. ಒಂದು, ಹಳೆಯ ಬಂಗಲೆಯ ಹೆಂಚಿನ ಮಾಡಿನ ಕೆಳಗೇ ಇರುವ ಎತ್ತರದ ಕೋಣೆಗಳು. ಇನ್ನೊಂದು, ಅಂಥ ಬಂಗಲೆಯನ್ನು ಕೆಡವಿ ಎಬ್ಬಿಸಿದ ಕಾಂಕ್ರೀಟ್ ಕಟ್ಟಡದ ನೆತ್ತಿಯಲ್ಲಿ, ಅರ್ಧ ತಾರಸಿಯನ್ನು ಬಯಲಾಗಿ ಬಿಟ್ಟು ಕಟ್ಟಿದ ಮನೆ. ಮೊದಲನೆಯದರಲ್ಲಿ ಬಸವನಗುಡಿಯಲ್ಲಿಯೂ ಎರಡನೆಯದರಲ್ಲಿ ಮಲ್ಲೇಶ್ವರದಲ್ಲಿಯೂ ನಾನು ಸಂಸಾರ ಮಾಡಿದ್ದೇನೆ. ಬಾಡಿಗೆ ಹೆಚ್ಚು ಕಡಿಮೆ ಒಂದೇ ಇದ್ದುದರಿಂದ ಹೋಲಿಕೆಯಲ್ಲಿ ದುಡ್ಡಿನ ಮಾತು ಅಡ್ಡ ಬರುವುದಿಲ್ಲ.

ಎರಡೂ ಬಡಾವಣೆಗಳು ಬೆಳೆದದ್ದು 1898ರಲ್ಲಿ ಪೇಟೆಯೊಳಗೆ ಪ್ಲೇಗ್ ಹಬ್ಬಿದ ಬಳಿಕ. ಇಕ್ಕಟ್ಟಿನ ಕೇರಿಗಳಿಂದ ಜನರನ್ನು ಹೊರತಂದು ಗಾಳಿ ಬೆಳಕಿನಲ್ಲಿ ನೆಲೆಗೊಳಿಸಬೇಕೆಂಬ ಉದ್ದೇಶಕ್ಕೆ ಅಗಲವಾದ ಅಡ್ಡರಸ್ತೆಗಳೂ ಮನೆಗಳ ಹಿಂದಿನ ಓಣಿಗಳೂ ಇಂದಿಗೂ ಸಾಕ್ಷಿಯಾಗಿವೆ. ಆ ಉದ್ದೇಶ ಹಳೆಯ ಮನೆಗಳ ಕಟ್ಟಡದೊಳಗೂ ಇಳಿದಿತ್ತು, ಹೊಸ ಕಟ್ಟಡಗಳು ಅದನ್ನು ಬಹುಮಟ್ಟಿಗೆ ಕೈಬಿಟ್ಟಿವೆ ಎಂಬುದು ಎರಡು ಕಡೆಯೂ ಒಂದೊಂದು ಬೇಸಿಗೆ ಕಳೆದ ಮೇಲೆ ನನಗೆ ಮನದಟ್ಟಾಯಿತು.

ಬಸವನಗುಡಿಯ ಮನೆಯ ಸೂರು ಮರದ ತೊಲೆ, ರೀಪುಗಳ ಮೇಲೆ ಹೊದಿಸಿದ ಮಂಗಳೂರು ಹೆಂಚಿನದು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ನಾಡಿನುದ್ದಕ್ಕೂ ಹರಡಿದ ಈ ಹೆಂಚು, ಒಂದಕ್ಕೊಂದು ಕಚ್ಚಿಕೊಂಡು ಕೂತರೂ ಸಂದುಗಳಲ್ಲಿ ಗಾಳಿಗೆ ಎಡೆ ಬಿಡುತ್ತದೆ. ಕಾವೇರಿದ ಗಾಳಿ ಮಾಡಿನ ನೆತ್ತಿಗೆ ಏರಿ ಅಲ್ಲಿಂದಲೇ ಹೊರಬೀಳುತ್ತದೆ. ಕಿಟಕಿಯ ಮೇಲೆ ಮರದ ಪಟ್ಟಿಗಳಿಂದ ಹೆಣೆದ ಮಂಕಿ ಟಾಪ್ ಬಿಸಿಲನ್ನು ತಡೆದು ಗಾಳಿಯನ್ನು ಒಳಗೆ ಬಿಡುತ್ತದೆ. ಏಪ್ರಿಲ್ ಮಧ್ಯಾಹ್ನ ಆ ಮನೆಯೂ ಕಾಯುತ್ತಿತ್ತು, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಹೆಂಚು ತೆಳುವಾದ್ದರಿಂದ ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೆಲ್ಲ ತಣ್ಣಗಾಗಿ, ರಾತ್ರಿಯ ನಿದ್ದೆಗೆ ತೊಂದರೆಯಿರಲಿಲ್ಲ. ಮಾಡಿನಲ್ಲಿ ಒಂದು ಗಾಜಿನ ಹೆಂಚಿತ್ತು. ಅದರಿಂದ ಬೀಳುವ ಬಿಸಿಲಿನ ಚೌಕ ಬೆಳಿಗ್ಗೆ ಪುಸ್ತಕದ ಕಪಾಟಿನ ಮೇಲಿದ್ದು, ಊಟದ ಹೊತ್ತಿಗೆ ಕೆಂಪು ಗಾರೆಯ ನೆಲಕ್ಕಿಳಿದು, ಸಂಜೆಗೆ ಎದುರುಗೋಡೆ ಹತ್ತುತ್ತಿತ್ತು. ಹಗಲಿನಲ್ಲಿ ದೀಪ ಹಾಕಿದ ನೆನಪೇ ನನಗಿಲ್ಲ.

ಮಲ್ಲೇಶ್ವರದ ಮನೆಯ ಸ್ಥಿತಿ ಇದಕ್ಕೆ ತಿರುಗುಮುರುಗು. ಕಾಂಕ್ರೀಟ್ ಹಾಸು ಹಗಲೆಲ್ಲ ಬಿಸಿಲನ್ನು ಹೀರಿಕೊಂಡು ರಾತ್ರಿ ನಿಧಾನವಾಗಿ ಕೆಳಗೆ ಬಿಡುತ್ತದೆ. ಮಲಗುವ ಹೊತ್ತಿನಲ್ಲೂ ಸೂರಿನಂಚಿನ ಗೋಡೆಗೆ ಕೈಯಿಟ್ಟರೆ ಬೆಚ್ಚಗಿರುತ್ತಿತ್ತು, ಫ್ಯಾನು ಅದೇ ಕಾವನ್ನು ಹಾಸಿಗೆಯ ಮೇಲೆ ತಳ್ಳುತ್ತಿತ್ತು. ಬೆಂಗಳೂರು ತಂಪಾದ ಊರು, ಮೇಲೆ ಏನಿದ್ದರೂ ನಡೆಯುತ್ತದೆ ಎನ್ನುವವರು 2016ರ ಏಪ್ರಿಲ್‌ನಲ್ಲಿ ಇಲ್ಲಿಯ ಉಷ್ಣಾಂಶ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತೆಂಬುದನ್ನು ನೆನೆಯಬೇಕು. ತಾರಸಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿಸಿದಾಗ ಸಹಿಸುವ ಮಟ್ಟಕ್ಕೆ ಬಂತು. ಹೊರಗಿನ ಬಯಲು ತಾರಸಿಯ ಸುಖವನ್ನು ಮಾತ್ರ ನಾನು ಕಡೆಗಣಿಸಲಾರೆ: ಬಟ್ಟೆ, ಹಪ್ಪಳ ಒಣಹಾಕಲು, ಕುಂಡಗಳಲ್ಲಿ ಕರಿಬೇವು ದೊಡ್ಡಪತ್ರೆ ಬೆಳೆಸಲು, ಸಂಜೆ ಕೂರಲು ಬಸವನಗುಡಿಯಲ್ಲಿ ಅಷ್ಟು ಜಾಗವಿರಲಿಲ್ಲ.

ಮಳೆಯ ವಿಷಯಕ್ಕೆ ಬಂದರೆ ಜನರ ತೀರ್ಪು ತಕ್ಷಣ ಕಾಂಕ್ರೀಟಿನ ಪರವಾಗಿರುತ್ತದೆ. ನನಗೆ ಅದು ಅಷ್ಟು ಸರಳವಾಗಿ ಕಾಣಲಿಲ್ಲ. ಮೇ ತಿಂಗಳ ಗಾಳಿಮಳೆಗೆ ಹೆಂಚು ಜರುಗಿ ಅಡುಗೆಮನೆಯಲ್ಲಿ ನೀರು ತೊಟ್ಟಿಕ್ಕಿದ್ದು ನಿಜ, ಆದರೆ ಎಲ್ಲಿ ಸೋರುತ್ತಿದೆ ಎಂಬುದು ಕೆಳಗೆ ನಿಂತವರಿಗೇ ಕಾಣುತ್ತದೆ ಮತ್ತು ಕೆಲಸ ಬಲ್ಲವನು ಬಂದರೆ ಬೇಗನೆ ಸರಿಹೋಗುತ್ತದೆ. ಅಂಥವನು ಸಿಗುವುದೇ ಈಗ ಕಷ್ಟ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವುದು, ಅಂದರೆ ಜರುಗಿದ್ದನ್ನು ಸರಿಯಾಗಿ ಕೂರಿಸಿ ಒಡೆದದ್ದನ್ನು ಬದಲಿಸುವುದು, ವರ್ಷಾವಧಿ ಕೆಲಸವಾದರೆ ಬೆಂಗಳೂರಿನ ಮೇಸ್ತ್ರಿಗಳಲ್ಲಿ ಅನೇಕರಿಗೆ ಅದರ ರೂಢಿಯಿಲ್ಲ. ಕಾಂಕ್ರೀಟಿನಲ್ಲಿ ಹನಿ ಬೀಳುವುದಿಲ್ಲ, ಬದಲಿಗೆ ಮೂಲೆಯಲ್ಲಿ ತೇವದ ಕಲೆ ಮೂಡಿ ಬಣ್ಣ ಎದ್ದು ಬರುತ್ತದೆ. ನೀರು ಹೊಕ್ಕ ಜಾಗವೇ ಬೇರೆ, ಕಲೆ ಕಂಡ ಜಾಗವೇ ಬೇರೆ. ನಾವಿದ್ದಷ್ಟು ಕಾಲವೂ ಆ ಕಲೆ ಹೋಗಲಿಲ್ಲ. ಧೂಳು, ಇಲಿಯ ಓಡಾಟ, ಸುಣ್ಣದ ಗಾರೆಯ ಗೋಡೆಗೆ ಮೊಳೆ ಹೊಡೆದರೆ ಪುಡಿಯಾಗಿ ಉದುರುವ ಗುಣ, ಇವು ಹೆಂಚಿನ ಮನೆಯ ದಿನನಿತ್ಯದ ತೆರಿಗೆ. ಧೂಳಿನ ಅಲರ್ಜಿ ಇರುವವರಿಗೆ ನಾನು ಆ ಮನೆಯನ್ನು ಹೇಳುವುದಿಲ್ಲ.

ನೀರಿನಲ್ಲಿ ಮಲ್ಲೇಶ್ವರದ ಮನೆಯೇ ಮೇಲು. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪಾಗಿ ಬರುವ ಕಾವೇರಿ ನೀರು ಎರಡೂ ಕಡೆ ನೆಲದಡಿಯ ಸಂಪಿಗೇ ಬೀಳುತ್ತದೆ. ಮೇಲಕ್ಕೆ ಏರಿಸುವ ಮೋಟಾರಿನ ಸ್ವಿಚ್ಚು ಯಾರ ಕೈಯಲ್ಲಿದೆ ಎಂಬುದೇ ಬಾಡಿಗೆದಾರನ ನೆಮ್ಮದಿಯನ್ನು ನಿರ್ಧರಿಸುತ್ತದೆ. ಹೊಸ ಕಟ್ಟಡದಲ್ಲಿ ನಮಗೇ ಬೇರೆ ಟ್ಯಾಂಕು, ಬೇರೆ ಸ್ವಿಚ್ಚು. ಹಳೆಯದರಲ್ಲಿ ಸ್ವಿಚ್ಚು ಕೆಳಮನೆಯವರ ಅಡುಗೆಮನೆಯಲ್ಲಿತ್ತು. ಅವರು ಊರಿಗೆ ಹೋದಾಗಲೆಲ್ಲ ನಾವು ಕೊಡ ಹೊತ್ತು ಮೆಟ್ಟಿಲು ಹತ್ತಿದ್ದೇವೆ.

ವಿದ್ಯುತ್ತಿನಲ್ಲೂ ಇದೇ ಕಥೆ. 2023ರಲ್ಲಿ ಜಾರಿಗೆ ಬಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಸಲ್ಲುತ್ತದೆ, ಆದರೆ ಮನೆಗೆ ಪ್ರತ್ಯೇಕ ಆರ್‌ಆರ್ ನಂಬರಿನ (ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆಯ) ಮೀಟರ್ ಇರಬೇಕು. ಭಾಗ ಮಾಡಿ ಬಾಡಿಗೆಗೆ ಕೊಟ್ಟ ಹಳೆಯ ಬಂಗಲೆಗಳಲ್ಲಿ ಮೇಲ್ಮಹಡಿಗೆ ಸಬ್‌ಮೀಟರ್ ಮಾತ್ರ ಇರುವುದುಂಟು. ನಮಗೂ ಅಷ್ಟೇ ಇದ್ದುದರಿಂದ ಸೌಲಭ್ಯ ಸಿಗಲಿಲ್ಲ.

ಸುತ್ತಮುತ್ತಲಿನ ವಿಚಾರದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. 2017ರಲ್ಲಿ ಸಂಪಿಗೆ ರಸ್ತೆಯಿಂದ ಯಲಚೇನಹಳ್ಳಿಯವರೆಗೆ ಮೆಟ್ರೊ ತೆರೆದ ಮೇಲೆ ಎರಡು ಬಡಾವಣೆಗಳೂ ಒಂದೇ ಹಸಿರು ಮಾರ್ಗದಲ್ಲಿವೆ. ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯ ಹಬ್ಬದ ಹಿಂದಿನ ದಿನದ ಗಿಜಿಗಿಜಿಗೂ ಕಡಲೆಕಾಯಿ ಪರಿಷೆಯ ಹೊತ್ತಿನ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯ ನೂಕುನುಗ್ಗಲಿಗೂ ತಾರತಮ್ಯ ಮಾಡುವುದು ನನ್ನಿಂದಾಗದು. ಎರಡೂ ನನಗೆ ಇಷ್ಟ.

ಕೂಡಿ ಕಳೆದು ನೋಡಿದರೆ ನಾನು ಮತ್ತೆ ಆರಿಸಿಕೊಳ್ಳುವುದು ಹೆಂಚಿನ ಮಹಡಿಯನ್ನೇ. ನೀರಿನ ಸ್ವಿಚ್ಚನ್ನು ಮೇಲಕ್ಕೂ ಎಳೆಸಬಹುದು, ಮಾಲೀಕರು ಒಪ್ಪಿದರೆ ಬೇರೆ ಮೀಟರ್ ಹಾಕಿಸಬಹುದು. ಕಾಂಕ್ರೀಟ್ ಸೂರಿಗೆ ಹೆಂಚಿನ ಉಸಿರಾಟವನ್ನು ತಂದುಕೊಡುವುದು ಯಾವ ಎಲೆಕ್ಟ್ರಿಷಿಯನ್ನಿನಿಂದಲೂ ಆಗದು. ಹೀಗೆ ಆರಿಸಿಕೊಳ್ಳುವವರು ಕರಾರಿಗೆ ಸಹಿ ಹಾಕುವ ಮುನ್ನವೇ ಎಲ್ಲವನ್ನೂ ಬರೆಸಿಕೊಳ್ಳಬೇಕು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕಾದ್ದರಿಂದ ಇಲ್ಲಿ ಹನ್ನೊಂದು ತಿಂಗಳ ಕರಾರೇ ವಾಡಿಕೆ. ಅದು ಜನವರಿಯಲ್ಲಿ ಶುರುವಾದರೂ ಜುಲೈನಲ್ಲಿ ಶುರುವಾದರೂ ನಡುವೆ ಒಂದು ಮಳೆಗಾಲವಂತೂ ಬಂದೇ ಬರುತ್ತದೆ. ಮೇ ತಿಂಗಳೊಳಗೆ ಹೆಂಚು ಕೈಯಾಡಿಸುವ ಖರ್ಚು ಯಾರದು, ಮೋಟಾರಿನ ಸ್ವಿಚ್ಚು ಎಲ್ಲಿರಬೇಕು, ಮನೆ ಬಿಡುವಾಗ ಬಣ್ಣಕ್ಕೆಂದು ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯುತ್ತಾರೆ ಎಂಬ ಮೂರು ಸಾಲುಗಳು ಆ ಕಾಗದದಲ್ಲಿ ಇರಲೇಬೇಕು.