ಡಬ್ಬದ ಮೇಲಿನ 4ಕೆ ನೋಡಿ ದುಡ್ಡು ಕೊಡಬೇಡಿ: ಕ್ಯಾಪ್ಚರ್ ಕಾರ್ಡ್ ಜೊತೆ ಎರಡು ವರ್ಷ

ಎಲ್ಗಾಟೊ ಎಚ್‌ಡಿ60 ಎಕ್ಸ್ ಅನ್ನೋ ಕ್ಯಾಪ್ಚರ್ ಕಾರ್ಡ್ (ಆಟದ ಕನ್ಸೋಲಿನ ಚಿತ್ರ, ಸದ್ದನ್ನು ಪಿಸಿಗೆ ತಲುಪಿಸುವ ಪೆಟ್ಟಿಗೆ) ನಮ್ಮ ಟಿವಿ ಹಿಂದೆ ಕೂತು ಎರಡು ವರ್ಷ ದಾಟಿತು. ವಾರಕ್ಕೆ ಮೂರು ರಾತ್ರಿ ಪಿಎಸ್5 ಆಟ, ಕನ್ನಡದಲ್ಲೇ ಕಾಮೆಂಟರಿ, ಯೂಟ್ಯೂಬ್ ಲೈವ್. ಕಾರ್ಡ್ ತಗೊಳ್ಳುವಾಗ ಮೊದಲು ನೋಡಬೇಕಾದ್ದು ಪಾಸ್‌ಥ್ರೂ (ಸಿಗ್ನಲನ್ನು ನೇರ ಟಿವಿಗೂ ದಾಟಿಸುವ ದಾರಿ) ಮತ್ತು ಯುಎಸ್‌ಬಿ 3.0. 4ಕೆ ಅನ್ನೋದು ಆಮೇಲಿನ ಮಾತು.

ಇದು ನನಗೆ ಗೊತ್ತಾಗಿದ್ದು ದುಡ್ಡು ಕಳೆದುಕೊಂಡ ಮೇಲೆ. ಮೊದಲು ತಂದದ್ದು ಬೆರಳುದ್ದದ ಒಂದು ಅಗ್ಗದ ಡಾಂಗಲ್. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 4ಕೆ. ಅದು 4ಕೆ ಸಿಗ್ನಲ್ ಒಳಗೆ ತಗೊಳ್ಳುತ್ತಿತ್ತು ನಿಜ, ಆದರೆ ಪಿಸಿಗೆ ಕೊಡುತ್ತಿದ್ದದ್ದು 1080ಪಿ, ಸೆಕೆಂಡಿಗೆ 30 ಫ್ರೇಮ್. ಕಾರಣ ಸರಳ. ಕಂಪ್ರೆಸ್ ಮಾಡದ 1080ಪಿ60 (ಸೆಕೆಂಡಿಗೆ 60 ಫ್ರೇಮ್) ವಿಡಿಯೊಗೆ ಸೆಕೆಂಡಿಗೆ ಹತ್ತಿರಹತ್ತಿರ 2 ಗಿಗಾಬಿಟ್ ಬೇಕು, ಆ ಡಾಂಗಲ್ ಬಳಸುವ ಯುಎಸ್‌ಬಿ 2.0 ದಾರಿಯ ಗರಿಷ್ಠ ವೇಗವೇ 480 ಮೆಗಾಬಿಟ್. ಹಾಗಾಗಿ ಪ್ರತಿ ಫ್ರೇಮನ್ನೂ ಹಿಂಡಿ ಕಳಿಸುತ್ತದೆ. ಕತ್ತಲ ದೃಶ್ಯ ಬಂದರೆ ಗೋಡೆಯೆಲ್ಲ ಚೌಕಚೌಕ.

ಅದಕ್ಕಿಂತ ಕಾಡಿದ್ದು ತಡ. ಡಾಂಗಲ್‌ಗೆ ಎಚ್‌ಡಿಎಂಐ ಔಟ್ ಇರಲಿಲ್ಲ, ಪಿಸಿಯಲ್ಲಿ ಓಬಿಎಸ್ (ರೆಕಾರ್ಡ್, ಲೈವ್ ಮಾಡುವ ಸಾಫ್ಟ್‌ವೇರ್) ಪ್ರಿವ್ಯೂ ನೋಡಿಕೊಂಡೇ ಆಡಬೇಕು. ಎಕ್ಸ್ ಬಟನ್ ಒತ್ತಿದ ಮೇಲೆ ಪಾತ್ರ ಹಾರುವಷ್ಟರಲ್ಲಿ ಹಳ್ಳಕ್ಕೆ ಬಿದ್ದಾಗಿರುತ್ತಿತ್ತು. ಸೌಂಡ್ ಕೂಡ ಮೋನೊ. ಹೆಜ್ಜೆ ಸಪ್ಪಳ ಎಡದಿಂದಲೋ ಬಲದಿಂದಲೋ ತಿಳಿಯದೆ ಎಷ್ಟು ಸಲ ಸತ್ತೆನೋ! ಈಗಿನ ಕಾರ್ಡಿನಲ್ಲಿ ಸಿಗ್ನಲ್ ನೇರ ಟಿವಿಗೆ ಹೋಗುತ್ತದೆ, ಪಿಸಿಗೆ ಅದರ ಪ್ರತಿ ಸಿಗುತ್ತದೆ. ಒತ್ತಿದ ತಕ್ಷಣ ಹಾರುತ್ತಾನೆ. ಆ ಮೊದಲ ರಾತ್ರಿಯ ಖುಷಿ ಇನ್ನೂ ನೆನಪಿದೆ.

ಪಿಎಸ್5 ಹಾಕಿದಾಗ ಓಬಿಎಸ್‌ನಲ್ಲಿ ಕಪ್ಪು ಪರದೆ ಬಂದರೆ ಗಾಬರಿ ಬೇಡ. ಸೆಟ್ಟಿಂಗ್ಸ್, ಸಿಸ್ಟಮ್, ಎಚ್‌ಡಿಎಂಐ ಒಳಗೆ ಹೋಗಿ ಎಚ್‌ಡಿಸಿಪಿ (ನಕಲು ತಡೆಯುವ ವ್ಯವಸ್ಥೆ) ಆಫ್ ಮಾಡಿ. ಸಿನಿಮಾ ಆ್ಯಪ್ ನೋಡಬೇಕಾದಾಗ ಮತ್ತೆ ಆನ್ ಮಾಡಬೇಕು. ಇನ್ನೊಂದು: ಪಿಸಿಗೆ ಬರುವ ಚಿತ್ರ ಚೂರು ಹಿಂದೆ, ಮೈಕ್ ಮುಂದೆ. ಓಬಿಎಸ್‌ನಲ್ಲಿ ಮೈಕ್‌ಗೆ ಸಿಂಕ್ ಆಫ್‌ಸೆಟ್ ಕೊಡಿ, ಅಂದರೆ ಮೈಕ್ ಸದ್ದನ್ನು ಚೂರು ತಡ ಮಾಡಿ. ನನಗೆ 90 ಮಿಲಿಸೆಕೆಂಡ್‌ಗೆ ಸರಿಹೋಯಿತು. ಗುಂಡು ಹಾರುವಾಗ "ಹೊಡಿ" ಅಂತ ಕೂಗಿ, ರೆಕಾರ್ಡಿಂಗ್ ನೋಡಿ ಹೊಂದಿಸಿಕೊಂಡೆ. ಯುಎಸ್‌ಬಿ ಹಬ್ ಮಾತ್ರ ಬೇಡ, ಮದರ್‌ಬೋರ್ಡಿನ ಪೋರ್ಟಿಗೇ ಹಾಕಿ.

ಮಿತಿಗಳೂ ಇವೆ. 4ಕೆ ಪಾಸ್‌ಥ್ರೂ 60 ಹರ್ಟ್ಸ್‌ವರೆಗೆ ಮಾತ್ರ. 4ಕೆಯಲ್ಲಿ 120 ಹರ್ಟ್ಸ್ ಟಿವಿಯ ಪೂರ್ತಿ ಲಾಭ ಬೇಕೆಂದರೆ ಎಚ್‌ಡಿಎಂಐ 2.1 ಇರುವ ಕಾರ್ಡ್ ನೋಡಿ. ಒಳಗೆ ಎನ್‌ಕೋಡರ್ (ವಿಡಿಯೊ ಹಿಂಡುವ ಚಿಪ್) ಇಲ್ಲ, ಕೆಲಸವೆಲ್ಲ ಪಿಸಿಯ ಮೇಲೆ. ಹಳೇ ಲ್ಯಾಪ್‌ಟಾಪ್‌ಗೆ ಕಷ್ಟ. 4ಕೆ30 ಕ್ಯಾಪ್ಚರ್ ಇದೆ, ಈ ಎರಡು ವರ್ಷದಲ್ಲಿ ನಾನು ಒಮ್ಮೆಯೂ ಬಳಸಿಲ್ಲ. ನನ್ನ ಲೈವ್ 1080ಪಿ60, ನೋಡುವವರು ಬಹುತೇಕ ಫೋನಿನಲ್ಲಿ.

ನಿಂಟೆಂಡೊ ಸ್ವಿಚ್ ಮೊದಲ ಮಾದರಿ ಇರುವವರಿಗೆ ಇಷ್ಟು ದುಬಾರಿ ಕಾರ್ಡ್ ಬೇಕಿಲ್ಲ. ಡಾಕ್‌ನಿಂದ ಬರುವುದೇ 1080ಪಿ60. ಪಾಸ್‌ಥ್ರೂ ಇರುವ ಸಾದಾ ಯುಎಸ್‌ಬಿ 3.0 ಕಾರ್ಡ್ ಸಾಕು. ಪಿಸಿಯಲ್ಲೇ ಆಡಿ ಪಿಸಿಯಿಂದಲೇ ಲೈವ್ ಹೋಗುವವರು ಕಾರ್ಡೇ ಕೊಳ್ಳಬೇಡಿ, ಓಬಿಎಸ್‌ನ ಗೇಮ್ ಕ್ಯಾಪ್ಚರ್ ಇದೆ. ಆ ದುಡ್ಡಿಗೆ ಒಳ್ಳೆ ಮೈಕ್ ತಗೊಳ್ಳಿ.