ಇಟ್ಟಿಗೆ ಮನೆಯ ಹೊರಗೋಡೆಗೆ ಬಣ್ಣ ಹೊಡೆಸಿ ಅಂತ ಬಂದರೆ ಅಡ್ವಾನ್ಸ್ ಕೊಡಬೇಡಿ

ಪ್ಲಾಸ್ಟರ್ ಇಲ್ಲದೆ, ಇಟ್ಟಿಗೆ ಕಾಣುವ ಹಾಗೆ ಕಟ್ಟಿದ ಮನೆ ಇರುವವರು ದಯವಿಟ್ಟು ಇದನ್ನ ಪೂರ್ತಿ ಓದಿ. "ನಿಮ್ಮ ಗೋಡೆ ನೀರು ಕುಡೀತಿದೆ, ಹೊರಗಡೆ ಒಂದು ಸಲ ಬಣ್ಣ ಹೊಡೆಸಿಬಿಡಿ" ಅಂತ ಯಾರೇ ಹೇಳಲಿ, ಅವತ್ತೇ ದುಡ್ಡು ಕೊಡಬೇಡಿ. ಪ್ಲಾಸ್ಟರ್ ಗೋಡೆಯ ಬಣ್ಣ ಇಷ್ಟ ಆಗಲಿಲ್ಲ ಅಂದರೆ ಕೆರೆದು ಬೇರೆ ಹೊಡೆಸಬಹುದು. ಇಟ್ಟಿಗೆಗೆ ಹೊಡೆದದ್ದು ಅಷ್ಟು ಸುಲಭಕ್ಕೆ ಪೂರ್ತಿ ಹೋಗುವುದಿಲ್ಲ.

ಮೈಸೂರಿನ ನಮ್ಮ ಮನೆಯನ್ನ ಅಪ್ಪ 1996ರಲ್ಲಿ ಕಟ್ಟಿಸಿದ್ದು. ಯಂತ್ರದಲ್ಲಿ ತಂತಿಯಿಂದ ಕೊಯ್ದು ಮಾಡುವ ವೈರ್‌ಕಟ್ ಇಟ್ಟಿಗೆ, ರ‍್ಯಾಟ್ ಟ್ರ್ಯಾಪ್ ಗೋಡೆ. ವಾಸ್ತುಶಿಲ್ಪಿ ಲಾರಿ ಬೇಕರ್ ತಿರುವನಂತಪುರದಲ್ಲಿ ಕಟ್ಟಿದ ಮನೆಗಳನ್ನ ನೋಡಿ ಬಂದು, ಕಟ್ಟಿದರೆ ಹಾಗೇ ಕಟ್ಟಬೇಕು ಅಂತ ಹಟ ಹಿಡಿದಿದ್ದರು. ರ‍್ಯಾಟ್ ಟ್ರ್ಯಾಪ್ ಅಂದರೆ ಇಟ್ಟಿಗೆಯನ್ನ ಅಂಚಿನ ಮೇಲೆ ನಿಲ್ಲಿಸಿ ಕಟ್ಟುತ್ತಾರೆ, ಗೋಡೆಯ ನಡುವೆ ಸುಮಾರು ಮೂರು ಇಂಚು ಟೊಳ್ಳು ಉಳಿಯುತ್ತದೆ. ಹೆಚ್ಚುಕಮ್ಮಿ ಕಾಲು ಭಾಗ ಇಟ್ಟಿಗೆ ಉಳಿತಾಯ, ಮನೆಯೂ ತಂಪು. ಇಷ್ಟು ವರ್ಷ ಹೊರಗೋಡೆಗೆ ಒಂದು ಪೈಸೆ ಖರ್ಚಿರಲಿಲ್ಲ. ಪಡುವಣ ಗೋಡೆಯ ಮೇಲ್ಭಾಗದಲ್ಲಿ ಮಾತ್ರ ಮಳೆಗಾಲದಲ್ಲಿ ತೇವ ಕಾಣುತ್ತಿತ್ತು, ಒಂದಷ್ಟು ಬಿಳಿ ಉಪ್ಪು ಬರುತ್ತಿತ್ತು.

ಒಳಗಡೆ ಬಣ್ಣ ಹೊಡೆಯೋಕೆ ಕರೆಸಿದ್ದ ಪೇಂಟಿಂಗ್ ಕಂಟ್ರಾಕ್ಟರ್ ಅದನ್ನೇ ಹಿಡಿದುಕೊಂಡ. ಹೆಸರು ಹಾಕುತ್ತಿಲ್ಲ. ಮಾತು ಬಹಳ ಮರ್ಯಾದೆ, ಅಪ್ಪನಿಗೆ ಕೈ ಮುಗಿದೇ ಒಳಗೆ ಬರುತ್ತಿದ್ದ. ಒಂದು ದಿನ ಚೀಲದಿಂದ ಒಂದು ಇಟ್ಟಿಗೆ ತೆಗೆದ. ಅರ್ಧಕ್ಕೆ ಎಮಲ್ಷನ್ ಬಣ್ಣ ಬಳಿದಿತ್ತು, ಅರ್ಧ ಬರಿ ಇಟ್ಟಿಗೆ. ಒಂದು ಚೊಂಬು ನೀರು ಕೇಳಿ ಎರಡರ ಮೇಲೂ ಸುರಿದ. ಬರಿ ಇಟ್ಟಿಗೆ ಕಪ್ಪಗಾಗಿ ನೀರೆಲ್ಲ ಹೀರಿತು. ಬಣ್ಣದ ಕಡೆ ನೀರು ಹನಿಹನಿಯಾಗಿ ಜಾರಿ ಕೆಳಗೆ ಬಿತ್ತು. "ನೋಡಿದ್ರಾ ಮೇಡಂ? ನಿಮ್ಮ ಮನೆ ಗೋಡೆ ಇಷ್ಟು ವರ್ಷ ಹೀಗೇ ನೀರು ಕುಡಿದಿದೆ. ಪ್ರೈಮರ್ ಒಂದು, ಮೇಲೆ ಎರಡು ಕೋಟ್. ಏಳು ವರ್ಷ ವಾರಂಟಿ. ಆಮೇಲೆ ನೀವು ಗೋಡೆ ಕಡೆ ತಿರುಗಿ ನೋಡಬೇಕಾಗಿಲ್ಲ" ಅಂದ.

ಆ ಇಟ್ಟಿಗೆ. ನನಗೆ ಈಗಲೂ ಹೊಟ್ಟೆ ಉರಿಯುವುದು ಆ ಇಟ್ಟಿಗೆ ನೆನೆಸಿಕೊಂಡರೆ. ಒಣಗಿದ ಇಟ್ಟಿಗೆಯನ್ನ ಕೈಯಲ್ಲಿ ಹಿಡಿದುಕೊಂಡು ಎದುರಿನಿಂದ ಬಣ್ಣದ ಮೇಲೆ ನೀರು ಸುರಿದರೆ ಜಾರದೆ ಇನ್ನೇನಾಗುತ್ತದೆ? ಗೋಡೆಗೆ ನೀರು ಎದುರಿನಿಂದ ಮಾತ್ರ ಬರುತ್ತದೆಯೇ? ಮೇಲಿಂದ ಬರುತ್ತದೆ, ಬುಡದಿಂದ ಏರುತ್ತದೆ, ಪೈಪು ಸೋರಿ ಒಳಗಿನಿಂದ ಬರುತ್ತದೆ. ಇದೇ ಕೆಲಸ ಮಾಡಿಕೊಂಡು ಬದುಕುವವನಿಗೆ ಅದು ಗೊತ್ತಿಲ್ಲ ಅಂದರೆ ನಾನು ನಂಬುವುದಿಲ್ಲ. ಗೊತ್ತಿದ್ದೇ ಚೀಲದಲ್ಲಿ ಇಟ್ಟಿಗೆ ಇಟ್ಟುಕೊಂಡು ಮನೆಮನೆಗೆ ತಿರುಗುತ್ತಾನೆ.

ಬೇಸಿಗೆಯಲ್ಲಿ ಕೆಲಸ ಮುಗಿಯಿತು. ಒಂದೂಕಾಲು ಲಕ್ಷ ಕೊಟ್ಟೆವು. ಮಳೆ ಶುರುವಾಗಿ ಸ್ವಲ್ಪ ದಿನಕ್ಕೇ ಪಡುವಣ ಗೋಡೆಯಲ್ಲಿ ಗುಳ್ಳೆ. ಮೊದಲು ಕಡಲೆ ಕಾಳಿನಷ್ಟು, ಆಮೇಲೆ ಅಂಗೈ ಅಗಲ. ಒಂದು ಗುಳ್ಳೆಗೆ ಗೇಟಿನ ಬೀಗದ ಕೈ ಚುಚ್ಚಿ ನೋಡಿದೆ. ಒಳಗಿಂದ ಕಂದು ನೀರು ಗೋಡೆ ಉದ್ದಕ್ಕೂ ಇಳಿಯಿತು. ಬಣ್ಣದ ಹಾಳೆ ಎಳೆದರೆ ಹಾಗೇ ಕಿತ್ತು ಬಂತು, ಅದರ ಹಿಂಬದಿಗೆ ಕೆಂಪು ಪುಡಿ ಅಂಟಿತ್ತು. ಇಟ್ಟಿಗೆಯ ಮುಖವೇ ಪುಡಿಯಾಗಿ ಬಂದಿತ್ತು. ಅದರ ಮೇಲೆ ದಪ್ಪಗೆ ಬಿಳಿ ಉಪ್ಪು. ಅಪ್ಪ ಆ ತುಂಡು ಕೈಯಲ್ಲಿ ಹಿಡಿದುಕೊಂಡು ನಿಂತರು, ಏನೂ ಮಾತಾಡಲಿಲ್ಲ. ಹಬ್ಬಕ್ಕೆ ಬಂದ ಚಿಕ್ಕಪ್ಪ ಎಲ್ಲರ ಎದುರಿಗೇ "ಏನಮ್ಮಾ, ಮನೆಗೆ ಸಿಡುಬು ಬಂದ ಹಾಗಿದೆಯಲ್ಲ" ಅಂದರು. ನೆಲ ಬಾಯಿ ಬಿಡಬಾರದಾ ಅನ್ನಿಸಿತು.

ಫೋನ್ ಮಾಡಿದರೆ ಮೊದಲು, "ಹೊಸ ಬಣ್ಣ ಅಲ್ವಾ ಮೇಡಂ, ಸೆಟ್ ಆಗುತ್ತೆ, ಸ್ವಲ್ಪ ದಿನ ಬಿಡಿ." ಆಮೇಲೆ, "ಈ ಸಲ ಮಳೆ ಜಾಸ್ತಿ ಆಯ್ತು." ಆಮೇಲೆ ಫೋನೇ ಎತ್ತಲಿಲ್ಲ. ಬಣ್ಣದ ಕಂಪನಿಗೆ ದೂರು ಕೊಟ್ಟೆ. ಒಬ್ಬ ಹುಡುಗ ಬಂದು ಸಣ್ಣ ಮೀಟರ್ ಒಂದನ್ನ ಗೋಡೆಗೆ ಒತ್ತಿ ಹಿಡಿದು, "ತೇವ ಜಾಸ್ತಿ ಇದೆ. ತೇವ, ಸೋರಿಕೆ, ಉಪ್ಪು ಇದ್ದರೆ ವಾರಂಟಿ ಬರಲ್ಲ ಮೇಡಂ" ಅಂದ. ವಾರಂಟಿ ಕಾಗದದ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅದೇ ಇತ್ತು. ಹಾಗಾದರೆ ಆ ಮೀಟರನ್ನ ಬಣ್ಣ ಹೊಡೆಯೋಕೆ ಮುಂಚೆ ಯಾಕೆ ಇಡಲಿಲ್ಲ? ಕೇಳಿದೆ. "ಅದು ಕಂಟ್ರಾಕ್ಟರ್ ನೋಡಬೇಕಿತ್ತು." ಕಂಟ್ರಾಕ್ಟರ್‌ನನ್ನ ಬೇರೆ ನಂಬರಿನಿಂದ ಹಿಡಿದು ಕೇಳಿದರೆ, "ಬಣ್ಣದಲ್ಲಿ ಏನೂ ತಪ್ಪಿಲ್ಲ ಮೇಡಂ, ನಿಮ್ಮ ಗೋಡೆಯೇ ಸರಿ ಇಲ್ಲ." ಗೋಡೆ ಸರಿ ಮಾಡುತ್ತೇನೆ ಅಂತ ತಾನೇ ದುಡ್ಡು ಇಸಿದುಕೊಂಡಿದ್ದು! ಮೇಲಿಂದ ಪರಿಹಾರ ಬೇರೆ ಹೇಳಿದ: ಪುಟ್ಟಿ ಹಾಕಿ ಇನ್ನೆರಡು ಕೋಟ್ ಹೊಡೆಯೋಣ, ನಿಮಗೆ ಅಂತ ಕಡಿಮೆ ರೇಟು.

ಕೊನೆಗೆ ಈ ಮನೆ ಕಟ್ಟಿದ ಹಳೇ ಮೇಸ್ತ್ರಿಯನ್ನೇ ಹುಡುಕಿ ಕರೆಸಿದೆವು. ಏಣಿ ಹತ್ತಿ ಪ್ಯಾರಾಪೆಟ್ ಮೇಲೆ ಕೈ ಆಡಿಸಿದರು. ಮೇಲಿನ ಗಾರೆ ಉದ್ದಕ್ಕೂ ಬಿರುಕು ಬಿಟ್ಟಿತ್ತು. ಮಳೆ ನೀರು ಅಲ್ಲಿಂದ ಇಳಿದು ಗೋಡೆಯ ಟೊಳ್ಳಿಗೆ ಸೇರುತ್ತಿತ್ತು. ಮೊದಲು ಬಿಸಿಲಿಗೆ ಇಟ್ಟಿಗೆಯ ಮೂಲಕವೇ ಆರಿ ಹೋಗುತ್ತಿತ್ತು. ಈಗ ಎಮಲ್ಷನ್ ಪದರ ಅದನ್ನ ತಡೆದಿದೆ. ಉಪ್ಪು ಬಣ್ಣದ ಹಿಂದೆಯೇ ಹರಳುಗಟ್ಟಿ ಇಟ್ಟಿಗೆಯನ್ನ ಒಡೆಯುತ್ತಿದೆ. ಮೇಸ್ತ್ರಿ ಹೇಳಿದ್ದು ಇಷ್ಟೇ: "ನೀರು ಬರೋ ದಾರಿ ಹಂಗೇ ಬುಟ್ಟು, ಹೋಗೋ ದಾರಿ ಮುಚ್ಚವ್ರೆ ಕಣವ್ವ." ಬಿರುಕು ಮುಚ್ಚಿ, ಇಟ್ಟಿಗೆ ಸಂದುಗಳಿಗೆ ಹೊಸದಾಗಿ ಗಾರೆ ತುಂಬಿ ಪಾಯಿಂಟಿಂಗ್ ಮಾಡಿದ್ದಕ್ಕೆ ಅವರು ತೆಗೆದುಕೊಂಡದ್ದು ಬಣ್ಣಕ್ಕೆ ಸುರಿದದ್ದರ ಹತ್ತನೇ ಒಂದು ಭಾಗವೂ ಇಲ್ಲ.

ಬಣ್ಣ ತೆಗೆಸೋಣ ಅಂದರೆ ಅದು ಇನ್ನೊಂದು ನರಕ. ಮರಳು ಚಿಮ್ಮಿಸಿ ಅಥವಾ ಗ್ರೈಂಡರ್ ಹಿಡಿದು ತೆಗೆಯುತ್ತೇವೆ ಅಂತ ಬರುತ್ತಾರೆ. ಬಿಡಬೇಡಿ. ಭಟ್ಟಿಯಲ್ಲಿ ಬೆಂದು ಗಟ್ಟಿಯಾದ ಮೇಲ್ಮೈ ಹೋದರೆ ಇಟ್ಟಿಗೆ ಇನ್ನೂ ಜಾಸ್ತಿ ನೀರು ಹೀರುತ್ತದೆ. ಬಣ್ಣ ತೆಗೆಯುವ ಕೆಮಿಕಲ್ ಒಂದು ಮೂಲೆಯಲ್ಲಿ ಹಾಕಿಸಿ ನೋಡಿದೆವು. ಸಂದುಗಳಲ್ಲಿ ಬಣ್ಣ ಹಾಗೇ ಕೂತಿದೆ.

ನಿಮ್ಮ ಗೋಡೆಯಲ್ಲಿ ತೇವ ಇದ್ದರೆ ಮೊದಲು ಪ್ಯಾರಾಪೆಟ್ ನೋಡಿಸಿ, ಸಜ್ಜಾ ನೋಡಿಸಿ, ಪೈಪು ನೋಡಿಸಿ. ಬಣ್ಣದವರಿಗಲ್ಲ, ಗಾರೆ ಕೆಲಸ ಗೊತ್ತಿರುವವರಿಗೆ ತೋರಿಸಿ. ಬರಿ ಇಟ್ಟಿಗೆಯ ಮೇಲೆ ಉಪ್ಪು ಬಂದರೆ ಬಿಸಿಲು ಕಾಲದಲ್ಲಿ ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೆ ಹೋಗುತ್ತದೆ. ಆಸಿಡ್ ಅಂತೂ ಬೇಡವೇ ಬೇಡ, ಸಂದಿನ ಗಾರೆ ತಿನ್ನುತ್ತದೆ. ಏನಾದರೂ ಬಳಿಯಲೇಬೇಕು ಅಂದರೆ, ಗೋಡೆ ಚೆನ್ನಾಗಿ ಒಣಗಿದ ಮೇಲೆ, ಪದರ ಕಟ್ಟದೆ ಇಟ್ಟಿಗೆಯೊಳಗೆ ಇಳಿದು ನೀರು ಹೀರದಂತೆ ಮಾಡುವ ಸಿಲೇನ್-ಸಿಲೋಕ್ಸೇನ್ ಥರದ ದ್ರವ ಕೇಳಿ. ಇಟ್ಟಿಗೆ ಕಾಣುತ್ತದೆ, ಒಳಗಿನ ತೇವವೂ ಆವಿಯಾಗಿ ಹೋಗುತ್ತದೆ. ಬಿಳಿ ಗೋಡೆಯೇ ಬೇಕು ಅನ್ನುವವರಿಗೆ ಸುಣ್ಣ ಇದೆ.

ಯಾರಾದರೂ ಇಟ್ಟಿಗೆ ತಂದು ನೀರು ಸುರಿದು ತೋರಿಸಿದರೆ ಒಂದೇ ಮಾತು ಕೇಳಿ: ಗುಳ್ಳೆ ಎದ್ದರೆ, ಉಪ್ಪು ಬಂದರೆ ನಿಮ್ಮ ಖರ್ಚಿನಲ್ಲೇ ಪೂರ್ತಿ ತೆಗೆದುಕೊಡುತ್ತೀರಾ, ಬರೆದುಕೊಡಿ. ನಮ್ಮ ಪಕ್ಕದ ರಸ್ತೆಯಲ್ಲಿ ಇಂಥದೇ ಮನೆ ಇರುವವರ ಹತ್ತಿರ ಇದೇ ಮನುಷ್ಯ ಹೋಗಿದ್ದನಂತೆ. ಅವರಿಗೆ ನಾನು ಈ ಮಾತು ಮೊದಲೇ ಹೇಳಿಕೊಟ್ಟಿದ್ದೆ, ಅವರು ಕೇಳಿದರು. "ಆಫೀಸಲ್ಲಿ ವಿಚಾರಿಸಿ ಬರ್ತೀನಿ" ಅಂತ ಹೋದವನು ಮತ್ತೆ ಬರಲಿಲ್ಲ.