ಬಣ್ಣ ಹಚ್ಚಿದ ಸೈನ್ಯ ಕೊಳ್ಳುವ ಮೊದಲು ಆನೆಯ ಹೊಟ್ಟೆ ನೋಡಿ

ಮೇಜಿನ ಮೇಲೆ ಮಿನಿಯೇಚರ್ ಯುದ್ಧ ಆಡುವವರು, ಅದರಲ್ಲೂ ಬಣ್ಣ ಹಚ್ಚೋಕೆ ಪುರುಸೊತ್ತಿಲ್ಲ ಅಂತ ರೆಡಿ ಸೈನ್ಯ ಆರ್ಡರ್ ಮಾಡುವವರು ದಯವಿಟ್ಟು ಇದನ್ನು ಓದಿ. ತ್ರೀಡಿ ಪ್ರಿಂಟ್ ಮಾಡಿದ, ರೆಸಿನ್ ಅನ್ನೋ ಒಂದು ಬಗೆಯ ಪ್ಲಾಸ್ಟಿಕ್‌ನ ಗೊಂಬೆಗಳ ವಿಷಯ ಇದು. ನಮ್ಮ ದುಡ್ಡು ಹೋಯಿತು, ಆಟದ ಹಾಸು ಹಾಳಾಯಿತು, ಗೆಳೆಯನೊಬ್ಬನ ಕೈ ತುಂಬ ಗುಳ್ಳೆ ಎದ್ದು ಚರ್ಮದ ಡಾಕ್ಟರ ಹತ್ತಿರ ಓಡಬೇಕಾಯಿತು. ಮಾರಿದವನ ಹೆಸರು ಬರೆಯುವುದಿಲ್ಲ. ಹೆಸರು ಬದಲಿಸಿಕೊಂಡು ಇನ್ನೊಂದು ಪೇಜ್ ತೆರೆಯೋಕೆ ಇಂಥವರಿಗೆ ಎಷ್ಟು ಹೊತ್ತು ಬೇಕು? ಮಾಲು ಹೇಗಿರುತ್ತೆ ಅನ್ನೋದು ಗೊತ್ತಿದ್ದರೆ ಸಾಕು.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಹಳೆಯ ಅಥವಾ ಈಚಿನ ಯಾವುದಾದರೂ ಒಂದು ಕದನವನ್ನು ಆರಿಸಿಕೊಂಡು, ಅದರ ನೆಲವನ್ನು ಮೇಜಿನ ಮೇಲೆ ಕಟ್ಟಿ, ಪುಟ್ಟ ಸೈನಿಕರನ್ನು ನಿಲ್ಲಿಸಿ ಆಡುವುದು. ನಡೆಸೋದು ಇಂಚಿನ ಟೇಪ್ ಹಿಡಿದು, ಗುಂಡು ತಾಗಿತೋ ಇಲ್ಲವೋ ಹೇಳೋದು ದಾಳ. ನಿಜವಾದ ಸೈನ್ಯದ ಎಷ್ಟೋ ಜನರಿಗೆ ಒಂದು ಗೊಂಬೆ ಲೆಕ್ಕ. ಗೊಂಬೆಯ ಎತ್ತರ 28 ಮಿಲಿಮೀಟರ್ ಅಥವಾ 15 ಮಿಲಿಮೀಟರ್ ಇರುವುದು ಸಾಮಾನ್ಯ.

ನಾವು ಆಡಬೇಕೆಂದಿದ್ದು ಪೊಲ್ಲಿಲೂರು ಕದನ. 1780ರ ಸೆಪ್ಟೆಂಬರ್ 10, ಕಾಂಚೀಪುರದ ಹತ್ತಿರ. ಮದರಾಸಿನ ಸೈನ್ಯದ ಜೊತೆ ಸೇರಿಕೊಳ್ಳಲು ಬರುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಯ್ಲಿಯ ದಂಡನ್ನು ಹೈದರಾಲಿ ಮತ್ತು ಟಿಪ್ಪು ಸುತ್ತುಗಟ್ಟಿ ಮುಗಿಸಿದ ಕದನ. ಕೆಲವೇ ಮೈಲಿ ದೂರದಲ್ಲಿ ಆ ಮದರಾಸು ಸೈನ್ಯದ ಸೇನಾಪತಿ ಹೆಕ್ಟರ್ ಮನ್ರೋ ದೊಡ್ಡ ಸೈನ್ಯ ಇಟ್ಟುಕೊಂಡು ಕೂತಿದ್ದ, ಹೊತ್ತಿಗೆ ಸರಿಯಾಗಿ ಬರಲಿಲ್ಲ. ಬೇಯ್ಲಿಯ ಮದ್ದಿನ ಗಾಡಿಗಳು ಸಿಡಿದವು, ಅಲ್ಲಿಗೆ ಕತೆ ಮುಗಿಯಿತು. ಸೆರೆಸಿಕ್ಕ ಬೇಯ್ಲಿ 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡ. ದರಿಯಾ ದೌಲತ್‌ನ ಗೋಡೆಯ ಮೇಲೆ ಈ ಕದನದ ಚಿತ್ರ ಇದೆ. ಪಲ್ಲಕ್ಕಿಯೊಳಗೆ ಬೇಯ್ಲಿ, ಸುತ್ತ ಚೌಕಾಕಾರವಾಗಿ ನಿಂತ ಕೆಂಪು ಕೋಟಿನವರು, ಮದ್ದು ಸಿಡಿಯುತ್ತಿರುವುದು, ಆನೆಗಳು. ಶಾಲೆಯ ಟ್ರಿಪ್‌ನಲ್ಲಿ ನೋಡಿದವರು ತುಂಬ ಜನ ಇದ್ದೀರಿ. ಆಟಕ್ಕೆ ಇದು ಹೇಳಿ ಮಾಡಿಸಿದ ಕದನ. ಮನ್ರೋ ಬರುತ್ತಾನೋ ಇಲ್ಲವೋ ಅನ್ನೋದನ್ನು ದಾಳಕ್ಕೆ ಬಿಟ್ಟರೆ ಬೇಯ್ಲಿಯ ಕಡೆ ಆಡುವವನಿಗೂ ಒಂದು ಆಸೆ ಇರುತ್ತದೆ.

ತೊಂದರೆ ಏನೆಂದರೆ ಮೈಸೂರು ಸೈನ್ಯದ ಗೊಂಬೆ ಸುಲಭವಾಗಿ ಸಿಗುವುದಿಲ್ಲ. ವಾಟರ್‌ಲೂ ಆಡೋಕೆ ಬೇಕಾದಷ್ಟು ಇವೆ. ಎರಡನೇ ಮಹಾಯುದ್ಧದ ಟ್ಯಾಂಕ್‌ಗಳಿಗಂತೂ ಕೊರತೆಯೇ ಇಲ್ಲ. ರಾಕೆಟ್ ಹಿಡಿದ ಮೈಸೂರಿನವನು ಬೇಕೆಂದರೆ ಹುಡುಕಾಟ ಶುರು. ಹಾಗಾಗಿ ಇನ್‌ಸ್ಟಾಗ್ರಾಮ್‌ನಲ್ಲಿ ಒಬ್ಬರು ‘ಮೈಸೂರು ಸೈನ್ಯ, ಬಣ್ಣ ಹಚ್ಚಿದ್ದು, 28 ಮಿಲಿಮೀಟರ್, ಮ್ಯೂಸಿಯಂ ಕ್ವಾಲಿಟಿ’ ಅಂತ ಹಾಕಿದ್ದು ಕಂಡಾಗ ನಮ್ಮ ಗುಂಪಿನಲ್ಲಿ ಎಲ್ಲರಿಗೂ ಖುಷಿ. ಫೋಟೋಗಳು ಅಷ್ಟು ಚೆನ್ನಾಗಿದ್ದವು. ಅರ್ಧ ಹಣ ಮೊದಲು, ಉಳಿದದ್ದು ಕೊರಿಯರ್‌ಗೆ ಹಾಕುವ ಮುಂಚೆ. ಎರಡೂ ಯುಪಿಐನಲ್ಲಿ, ಒಬ್ಬ ವ್ಯಕ್ತಿಯ ಮೊಬೈಲ್ ನಂಬರಿಗೆ. ಬಿಲ್ ಕೇಳಿದರೆ ‘ಪಾರ್ಸಲ್ ಜೊತೆ ಇಡ್ತೀನಿ ಸರ್.’ ಇಟ್ಟಿರಲಿಲ್ಲ.

ಪೆಟ್ಟಿಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಟೋಪಿ. ಬ್ರಿಟಿಷರ ತಲೆಯ ಮೇಲೆ ನೆಟ್ಟಗೆ ಉದ್ದಕ್ಕಿರುವ ಶಾಕೋ. ಆ ಟೋಪಿ ಬ್ರಿಟಿಷ್ ಕಾಲಾಳುಗಳಿಗೆ ಬಂದದ್ದು 1800ರ ಹೊತ್ತಿಗೆ. ಅಂದರೆ ನೆಪೋಲಿಯನ್ ಕಾಲದ ಗೊಂಬೆಗಳನ್ನೇ ತಂದು ಬೇಯ್ಲಿಯ ದಂಡು ಅಂತ ಮಾರಿದ್ದ. ಮೈಸೂರಿನವರಿಗೆಲ್ಲ ಹುಲಿಪಟ್ಟೆಯ ಅಂಗಿ. ಅದು ಟಿಪ್ಪು ಪಟ್ಟಕ್ಕೆ ಬಂದ ಮೇಲಿನ ಮಾತು. 1780ರಲ್ಲಿ ಇನ್ನೂ ಹೈದರನ ಆಳ್ವಿಕೆ. ಕೇಳಿದ್ದಕ್ಕೆ ಬಂದ ಉತ್ತರ: ‘ಮೇಜಿನ ಮೇಲೆ ದೂರದಿಂದ ಯಾರು ನೋಡ್ತಾರೆ ಸರ್?’ ಇಡೀ ಆಟವೇ ಹತ್ತಿರದಿಂದ ನೋಡುವವರದ್ದು ಅಲ್ವಾ?

ಬಂದೂಕಿನ ತುದಿಯ ಬಯೋನೆಟ್‌ಗಳು ಮುಟ್ಟಿದರೆ ಮುರಿದವು. ರಾಕೆಟ್‌ನವರ ಬಿದಿರ ಕೋಲುಗಳಲ್ಲಿ ಅರ್ಧಕ್ಕರ್ಧ ದಾರಿಯಲ್ಲೇ ತುಂಡಾಗಿದ್ದವು. ಸಾಮಾನ್ಯ ರೆಸಿನ್ ಗಟ್ಟಿ, ಆದರೆ ಬಾಗೋದಿಲ್ಲ. ತೆಳ್ಳಗಿನ ಭಾಗಗಳಿಗೆ ಸ್ವಲ್ಪ ಬಾಗುವ ರೆಸಿನ್ ಬೆರೆಸಬೇಕು. ಬೆರೆಸಿದರೆ ಖರ್ಚು ಜಾಸ್ತಿ. 15 ಮಿಲಿಮೀಟರ್ ಸೈನ್ಯ ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ದೊಡ್ಡ ಗೊಂಬೆಯ ಕಂಪ್ಯೂಟರ್ ಫೈಲನ್ನೇ ಅರ್ಧಕ್ಕೆ ಕುಗ್ಗಿಸಿ ಪ್ರಿಂಟ್ ಮಾಡುವವರಿದ್ದಾರೆ. ಆಗ ಬಂದೂಕಿನ ದಪ್ಪವೂ ಅರ್ಧ ಆಗುತ್ತದೆ, ಉಳಿಯೋದು ಕೂದಲಿನಷ್ಟು.

ಇದೆಲ್ಲ ಅಂಟು ಹಾಕಿ, ಬೈದುಕೊಂಡು ಸುಮ್ಮನಾಗಬಹುದಾದ ವಿಷಯ. ಅಸಲಿ ಸಮಸ್ಯೆ ಆನೆಗಳದ್ದು.

ಪ್ರಿಂಟ್ ಆಗುವ ರೀತಿ ಗೊತ್ತಿದ್ದರೆ ಇದು ಅರ್ಥವಾಗುತ್ತದೆ. ತೊಟ್ಟಿಯಲ್ಲಿ ದ್ರವ ರೆಸಿನ್ ಇರುತ್ತದೆ. ಕೆಳಗಿನಿಂದ 405 ನ್ಯಾನೋಮೀಟರ್‌ನ ಬೆಳಕು ಬಿದ್ದಲ್ಲೆಲ್ಲ ಅದು ಗಟ್ಟಿಯಾಗುತ್ತದೆ. ಸುಮಾರು 0.05 ಮಿಲಿಮೀಟರ್‌ನ ಪದರದ ಮೇಲೆ ಪದರ ಕೂತು ಗೊಂಬೆ ಆಗುತ್ತದೆ. ತೊಟ್ಟಿಯಿಂದ ಎತ್ತಿದಾಗ ಅದು ಇನ್ನೂ ಹಸಿ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ, ಆಮೇಲೆ ಯುವಿ (ಅತಿನೇರಳೆ) ಬೆಳಕಿನಲ್ಲಿ ಪೂರ್ತಿ ಗಟ್ಟಿ ಮಾಡಬೇಕು. ಸಿಪಾಯಿಯಂಥ ಸಣ್ಣ ಗೊಂಬೆ ಒಳಗೂ ಗಟ್ಟಿ, ತೊಂದರೆ ಕಡಿಮೆ. ಆನೆ, ಕೋಟೆ ಬಾಗಿಲು, ದೊಡ್ಡ ಟ್ಯಾಂಕ್ ಇಂಥವನ್ನು ರೆಸಿನ್ ಉಳಿಸಲು ಟೊಳ್ಳಾಗಿ ಮಾಡುತ್ತಾರೆ. ಮಾಡಲಿ, ತಪ್ಪಿಲ್ಲ. ಆದರೆ ಟೊಳ್ಳು ಮಾಡಿದರೆ ತಳದಲ್ಲಿ ಕನಿಷ್ಠ ಎರಡು ತೂತು ಬೇಕು. ಒಂದು ರೆಸಿನ್ ಬಸಿಯೋಕೆ, ಇನ್ನೊಂದು ಗಾಳಿಗೆ. ತೂತಿಲ್ಲದಿದ್ದರೆ ಹಸಿ ರೆಸಿನ್ ಹೊಟ್ಟೆಯಲ್ಲೇ ಉಳಿಯುತ್ತದೆ. ಯುವಿ ಬೆಳಕು ಅಲ್ಲಿಗೆ ಹೋಗೋದಿಲ್ಲ. ದಿನ ಕಳೆದಂತೆ ಒಳಗಿನ ದ್ರವ ಗೋಡೆಯನ್ನು ಮೆತ್ತಗೆ ಮಾಡುತ್ತದೆ, ಒತ್ತಡ ಏರುತ್ತದೆ, ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ.

ನಮ್ಮ ಹೈದರನ ಆನೆ ಬಿರುಕು ಬಿಟ್ಟದ್ದು ಬೇಸಿಗೆಯಲ್ಲಿ. ಹಿಂಗಾಲಿನ ಸಂದಿನಿಂದ ಹಲಸಿನ ಮೇಣದಂಥ ಅಂಟು ಇಳಿದು, ಕಾಲಿನ ಬಣ್ಣ ಸುಲಿದುಕೊಂಡು, ಕೆಳಗೆ ಹಾಸಿದ್ದ ಬಟ್ಟೆಗೆ ಅಂಗೈ ಅಗಲ ಕಲೆ ಕಟ್ಟಿತ್ತು. ಆ ಹಾಸಿನ ಮೇಲೆ ಗೆಳೆಯ ಕೈಯಾರೆ ಕೆರೆ ಏರಿ, ತಾಳೆ ತೋಪು ಎಲ್ಲ ಬರೆದಿದ್ದ. ಪಕ್ಕದಲ್ಲಿ ನಿಂತಿದ್ದ ಫಿರಂಗಿ ಎತ್ತುಗಳ ಕಾಲೂ ಅಂಟಿಕೊಂಡವು. ಏನೋ ವಾರ್ನಿಶ್ ಕರಗಿದೆ ಅಂದುಕೊಂಡು ಅವನು ಬರಿಗೈಯಲ್ಲೇ ಒರೆಸಿದ. ಆಮೇಲೆ ಬೆರಳ ಸಂದಿಯಲ್ಲಿ ಕೆಂಪಾಗಿ ತುರಿಕೆ, ಗುಳ್ಳೆ. ಹಸಿ ರೆಸಿನ್‌ನಲ್ಲಿರುವ ಅಕ್ರಿಲೇಟ್ ಅನ್ನೋ ರಾಸಾಯನಿಕಗಳಿಗೆ ಅಲರ್ಜಿ ಬರಬಹುದು, ಒಮ್ಮೆ ಬಂದರೆ ಮುಂದೆ ಸ್ವಲ್ಪ ತಾಗಿದರೂ ಮತ್ತೆ ಏಳುತ್ತದೆ ಎಂದರು ಡಾಕ್ಟರು. ಪಾರ್ಲರ್‌ಗಳ ಜೆಲ್ ನೇಲ್ ಪಾಲಿಶ್‌ನಿಂದ ಬರುವುದೂ ಇದೇ ಜಾತಿಯ ಅಲರ್ಜಿ. ಪುಣ್ಯಕ್ಕೆ ಅವನ ಮಗಳು ಆ ಆನೆಯನ್ನು ಮುಟ್ಟಿರಲಿಲ್ಲ. ಆನೆ ಅಂದರೆ ಮಕ್ಕಳು ಮೊದಲು ಕೈ ಹಾಕೋದೇ ಅದಕ್ಕೆ.

ಇನ್ನೊಂದು ಆನೆ ನೋಡಲು ಚೆನ್ನಾಗೇ ಇತ್ತು. ಅನುಮಾನ ಬಂದು ಗ್ಲೌಸ್ ಹಾಕಿಕೊಂಡು, ಸಣ್ಣ ಕೈ ಡ್ರಿಲ್‌ನಿಂದ ಹೊಟ್ಟೆಯ ಕೆಳಗೆ ತೂತು ಕೊರೆದೆವು. ಮೊದಲು ಘಾಟು ವಾಸನೆ, ಹಿಂದೆಯೇ ಬೂದು ಬಣ್ಣದ ರೆಸಿನ್ ತೊಟ್ಟಿಕ್ಕಿತು. ತೊಟ್ಟಿಕ್ಕುತ್ತಲೇ ಇತ್ತು.

ವಿಡಿಯೋ ಕಳಿಸಿದ್ದಕ್ಕೆ ಮಾರಿದವನು ಹೇಳಿದ್ದು: ‘ನಿಮ್ಮ ಮನೆಯಲ್ಲಿ ಬಿಸಿ ಜಾಸ್ತಿ ಇರಬೇಕು ಸರ್, ಪೇಂಟ್ ಕರಗಿದೆ.’ ಒಣಗಿದ ಅಕ್ರಿಲಿಕ್ ಬಣ್ಣ ಮನೆಯ ಬಿಸಿಗೆ ಕರಗೋದಿಲ್ಲ. ಅದನ್ನು ಹೇಳಿದ ಮೇಲೆ ನಮ್ಮನ್ನು ಬ್ಲಾಕ್ ಮಾಡಿದ. ಅವನು ಹಾಕಿದ್ದ ಫೋಟೋಗಳನ್ನು ಗೂಗಲ್ ಲೆನ್ಸ್‌ನಲ್ಲಿ ಹುಡುಕಿದಾಗ ಅವು ಯಾರೋ ವಿದೇಶಿಯರು ಬಣ್ಣ ಹಚ್ಚಿದ ಲೋಹದ ಗೊಂಬೆಗಳು ಅಂತ ಗೊತ್ತಾಯಿತು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಬಿಲ್ ಇಲ್ಲ, ನಮ್ಮ ಕೈಯಲ್ಲಿರೋದು ಚಾಟ್ ಮತ್ತು ಯುಪಿಐ ರಶೀದಿ ಮಾತ್ರ. ದುಡ್ಡು ಬರುತ್ತೆ ಅನ್ನೋ ನಂಬಿಕೆ ನನಗಿಲ್ಲ.

ಕೊಳ್ಳುವುದಾದರೆ ಬಣ್ಣದ ಫೋಟೋ ಬದಲು ಬಣ್ಣ ಹಚ್ಚುವ ಮುಂಚಿನ ಫೋಟೋ ಕೇಳಿ. ಪ್ರೈಮರ್ ಬಿದ್ದ ಮೇಲೆ ಅಂಟಂಟು, ಬಿರುಕು ಯಾವುದೂ ಕಾಣೋದಿಲ್ಲ. ದೊಡ್ಡ ಗೊಂಬೆಯಾದರೆ ತಳ ತೋರಿಸಿ, ತೂತು ಎಲ್ಲಿದೆ ಅಂತ ವಿಡಿಯೋದಲ್ಲೇ ಕೇಳಿ. ಒಳಗೆ ತೊಳೆದಿದ್ದೀರಾ, ಒಳಗೆ ಯುವಿ ಹೇಗೆ ಹಾಯಿಸಿದಿರಿ ಎಂದು ಕೇಳಿ. ಕೆಲಸ ಗೊತ್ತಿರುವವರು ಈ ಪ್ರಶ್ನೆಗೆ ಖುಷಿಯಿಂದ ಉದ್ದುದ್ದ ಉತ್ತರ ಕೊಡುತ್ತಾರೆ, ಗೊತ್ತಿಲ್ಲದವರು ಮಾತು ತೇಲಿಸುತ್ತಾರೆ. ಫೈಲ್ ಮಾಡಿದ ಕಲಾವಿದರಿಂದ ಮಾರಾಟದ ಲೈಸೆನ್ಸ್ ಇದೆಯಾ ಅಂತಲೂ ಕೇಳಿ. ಮನೆಯ ಬಳಕೆಗೆ ತೆಗೆದುಕೊಂಡ ಫೈಲನ್ನು ಪ್ರಿಂಟ್ ಮಾಡಿ ಮಾರುವಂತಿಲ್ಲ. ಪೂರ್ತಿ ಹಣ ಮೊದಲೇ ಕೊಡಬೇಡಿ. ಒಂದು ಆನೆ, ನಾಲ್ಕು ಸಿಪಾಯಿ ತರಿಸಿ ನೋಡಿ, ಆಮೇಲೆ ಸೈನ್ಯ. ನನ್ನ ಮಟ್ಟಿಗೆ ಹೇಳುವುದಾದರೆ, ದುಡ್ಡು ಸ್ವಲ್ಪ ಜಾಸ್ತಿಯಾದರೂ ದೊಡ್ಡ ಪ್ರಾಣಿಗಳಿಗೆ ಲೋಹ ಅಥವಾ ಅಚ್ಚಿನ ಪ್ಲಾಸ್ಟಿಕ್ಕೇ ವಾಸಿ.

ಇಂಥ ಟೊಳ್ಳು ಗೊಂಬೆ ಈಗಾಗಲೇ ಮನೆಯಲ್ಲಿದ್ದರೆ ಶೋಕೇಸ್‌ನಿಂದ ಇಳಿಸಿ, ತಿರುಗಿಸಿ ನೋಡಿ. ತಳದಲ್ಲಿ ತೂತಿಲ್ಲ, ಅಂಟಂಟಾಗಿದೆ ಅಥವಾ ಘಾಟು ವಾಸನೆ ಬರುತ್ತಿದೆ ಅಂದರೆ ಬರಿಗೈಯಲ್ಲಿ ಮುಟ್ಟಬೇಡಿ. ನೈಟ್ರೈಲ್ ಗ್ಲೌಸ್ ಮತ್ತು ಕನ್ನಡಕ ಹಾಕಿಕೊಂಡು, ಹಳೆ ಪೇಪರ್ ಹಾಸಿ, ಗಾಳಿಯಾಡುವ ಕಡೆ ಕೂತು ಎರಡು ತೂತು ಕೊರೆದು ಬಸಿಯಲು ಬಿಡಿ. ಬಸಿದದ್ದನ್ನಾಗಲಿ, ತೊಳೆದ ಆಲ್ಕೊಹಾಲನ್ನಾಗಲಿ ಸಿಂಕ್‌ಗೆ ಸುರಿಯಬೇಡಿ. ಬಸಿದ ರೆಸಿನ್ನನ್ನೂ ಅದು ತಾಗಿದ ಪೇಪರನ್ನೂ ಮಕ್ಕಳ ಕೈಗೆ ಸಿಗದಂತೆ ಬಿಸಿಲಿಗಿಟ್ಟು, ಕಲ್ಲಿನಷ್ಟು ಗಟ್ಟಿಯಾದ ಮೇಲೆ ಕಸಕ್ಕೆ ಹಾಕಿ. ಆ ಗೊಂಬೆಯ ಪಕ್ಕ ನಿಂತಿದ್ದವರ ಕಾಲನ್ನೂ ಒಮ್ಮೆ ನೋಡಿಬಿಡಿ.